ಮೂರನೇ ಮಹಡಿಯ ಮುಳ್ಳಿನ ಬಾಗಿಲು

ಆ ಸಿನಿಮಾ ನೋಡಿದವರು ಈಗಲೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮುಳ್ಳು ಹಾಕಿದ ಆ ಬಾಗಿಲು ನಿಜವಾದದ್ದಾ, ಇಲ್ಲಾ ಸೆಟ್ ಹಾಕಿದ್ದಾ?"

ನಿಜವಾದದ್ದು. ಅದು ನಮ್ಮ ಮನೆಯ ಬಾಗಿಲು. ರಾಮನಗರದ ಅಂಚಿನಲ್ಲಿ ಬಂಡೆಗೆ ಬೆನ್ನು ಕೊಟ್ಟು ನಿಂತಿರುವ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು, ಮೂರನೇ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ. ಮುಳ್ಳು ದೊಡ್ಡಆಲಹಳ್ಳಿಯ ನಮ್ಮ ಹೊಲದ ಬೇಲಿಯದು. ಸಿನಿಮಾದವರಿಗೆ ಬೀಗದ ಕೈ ಕೊಟ್ಟವಳು ನಾನು. ಈ ಕೊನೆಯ ಮಾತನ್ನು ಐದು ತಿಂಗಳು ಅವ್ವನಿಗೆ ಹೇಳದೆ ಬಚ್ಚಿಟ್ಟುಕೊಂಡು ಓಡಾಡಿದೆ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಕನಕಪುರದಿಂದ ರಾಮನಗರ, ಅಲ್ಲಿಂದ ಮಾಗಡಿ, ಸೋಲೂರು. ಕೆಲಸ ಮಾಡಿದಷ್ಟೂ ಕಾಲ ಹೆಚ್ಚುಕಮ್ಮಿ ಇದೇ ದಾರಿ. ನಿವೃತ್ತರಾದ ದಿನ ಚೀಲ, ಬ್ಯಾಡ್ಜು ಎಲ್ಲ ಒಪ್ಪಿಸಿ ತೊಟ್ಟಿದ್ದ ಖಾಕಿ ಅಂಗಿ ಬಿಟ್ಟರೆ ಸೀಟಿಯೊಂದನ್ನು ಮಾತ್ರ ಮನೆಗೆ ತಂದರು. ಅದನ್ನು ಬಾಗಿಲ ಪಕ್ಕ, ಕ್ಯಾಲೆಂಡರಿನ ಕೆಳಗಿನ ಮೊಳೆಗೆ ನೇತುಹಾಕಿ ಮನೆಯನ್ನೇ ಬಸ್ಸು ಮಾಡಿಕೊಂಡರು. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಅವ್ವ ಸೋಲೂರಿನ ತಮ್ಮನ ಹೆಂಡತಿಯ ಜೊತೆ ಫೋನಿನಲ್ಲಿ ಅರ್ಧ ಗಂಟೆ ದಾಟಿಸಿದರೆ ಒಂದು ಸೀಟಿ. ನಾನು ಸ್ಕೂಲಿಗೆ ಹೊರಟು ಹೊಸಿಲು ದಾಟಿದರೆ ಎರಡು. ಗ್ಯಾಸ್ ಸಿಲಿಂಡರ್ ತಂದವನಿಗೂ ಎರಡು.

"ಊದ್ದೇ ಯಾರ್ನೂ ಕಳಿಸ್ಬಾರ್ದು ಕಣವ್ವ. ಹತ್ದೋರು ಹತ್ಕಂಡು ಕುಂತಿರ್ತಾರೆ, ಸೀಟಿ ಕೇಳ್ದೆ ಡ್ರೈವರ್ ಬಿಡಾಕಿಲ್ಲ. ಬಸ್ಸು ಅಲ್ಲೇ ನಿಂತಿರ್ತದೆ" ಎನ್ನುತ್ತಿದ್ದರು.

ನನಗೆ ನಲವತ್ತು ದಾಟಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎದುರು ಮನೆಯವರ ಕಣ್ಣೆದುರು ದಿನಾ ಬೆಳಿಗ್ಗೆ ಸೀಟಿ ಊದಿಸಿಕೊಂಡು ಹೊರಡುವುದೆಂದರೆ ನಾಚಿಕೆಯಾಗುತ್ತಿತ್ತು. ಒಂದೆರಡು ಸಲ ಜಗಳವನ್ನೂ ಆಡಿದ್ದೇನೆ. ಅಪ್ಪ ಜಗಳದ ನಡುವೆಯೇ ಒಂದು ಸೀಟಿ ಊದಿ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಒಂದು ಮಧ್ಯಾಹ್ನ ಮುದ್ದೆ ಊಟ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟು ಹೆಸರಿಗಷ್ಟೇ ಇದ್ದದ್ದರಿಂದ ಅವರನ್ನು ಮೆಟ್ಟಿಲಲ್ಲೇ ಹೊತ್ತು ಇಳಿಸಬೇಕಾಯಿತು. ಹೊಸಿಲ ಹತ್ತಿರ ತಂದಾಗ ಮೊಳೆಯ ಮೇಲಿನ ಸೀಟಿ ನನ್ನ ಕಣ್ಣಿಗೆ ಬಿತ್ತು. ಕೈ ಅದರ ಕಡೆಗೆ ಹೋಯಿತು ಕೂಡ. ಮೆಟ್ಟಿಲ ತುಂಬ ಜನ, ಚಿಕ್ಕಪ್ಪಂದಿರು, ಬಿಲ್ಡಿಂಗಿನವರು. ಹೆಣದ ಮುಂದೆ ಸೀಟಿ ಊದಿದಳು ಮೇಷ್ಟ್ರಮ್ಮ ಎಂದು ಆಡಿಕೊಂಡಾರು ಎಂದು ಕೈ ಹಿಂದಕ್ಕೆ ಎಳೆದುಕೊಂಡೆ. ಅಪ್ಪ ಸೀಟಿ ಇಲ್ಲದೆಯೇ ಇಳಿದುಹೋದರು.

ಆಮೇಲೆ ಅಯ್ನೋರು ಪಂಚಾಂಗ ನೋಡಿ, ಹೋದ ಗಳಿಗೆ ಚೆನ್ನಾಗಿಲ್ಲ, ಕೆಟ್ಟ ನಕ್ಷತ್ರ, ಮೂರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಇದು ಹೊಸದಲ್ಲ. ಇಂಥ ನಕ್ಷತ್ರದಲ್ಲಿ ಸಾವಾದರೆ ತಿಥಿ ಮುಗಿಸಿ, ಒಳಗೊಂದು ಚೊಂಬು ನೀರಿಟ್ಟು, ಬೀಗ ಹಾಕಿ, ಬಾಗಿಲಿಗೆ ಅಡ್ಡ ಮುಳ್ಳಿನ ಕೊಂಬೆ ಕಟ್ಟಿ ಮನೆಮಂದಿಯೆಲ್ಲ ಹೊರಟುಬಿಡುತ್ತಾರೆ. ಗಡುವು ಮುಗಿಯುವ ತನಕ ಬಾಗಿಲು ತೆಗೆಯುವಂತಿಲ್ಲ. ತೆಗೆದರೆ ತೆಗೆದವರಿಗೇ ಕೇಡು ಎಂಬ ನಂಬಿಕೆ. ಹಳ್ಳಿಯಲ್ಲಾದರೆ ಹೊಲದಲ್ಲೊಂದು ಗುಡಿಸಲು ಹಾಕಿಕೊಂಡು ಇದ್ದುಬಿಡಬಹುದು. ಅಪಾರ್ಟ್‌ಮೆಂಟಿನಲ್ಲಿ ಈ ಶಾಸ್ತ್ರ ಮಾಡಿದವರು ಬಹುಶಃ ನಾವೇ ಮೊದಲಿಗರು. ಚಿಕ್ಕಪ್ಪ ಬೇಲಿಯಿಂದ ಕಡಿದ ಜಾಲಿಮುಳ್ಳನ್ನು ಮೂರು ಮಹಡಿ ಹೊತ್ತು ತಂದು ಗ್ರಿಲ್ಲಿಗೆ ಹಗ್ಗದಲ್ಲಿ ಬಿಗಿದರು. ಮಾರನೇ ದಿನವೇ ಎದುರು ಮನೆಯಾಕೆಯ ದುಪಟ್ಟಾ ಅದಕ್ಕೆ ಸಿಕ್ಕಿಕೊಂಡಿತು. ಅಸೋಸಿಯೇಷನ್ ಸೆಕ್ರೆಟರಿ ಗ್ರೂಪಿನಲ್ಲಿ ಮೆಸೇಜು ಹಾಕಿದರು: ಮೂರನೇ ಮಹಡಿಯ ಕಾರಿಡಾರಿನಲ್ಲಿಟ್ಟಿರುವ ಗಿಡವನ್ನು ದಯವಿಟ್ಟು ತೆರವುಗೊಳಿಸುವುದು.

ನನಗೆ ಮೈ ಉರಿದುಹೋಗಿತ್ತು. "ಅಪ್ಪ ಇದ್ದ ಮನೆಗೆ ಮುಳ್ಳು ಹಾಕ್ತಿಯಲ್ಲವ್ವ, ಅವರೇನು ಕಳ್ಳರಾ?" ಎಂದು ಕೂಗಾಡಿದೆ.

ಅವ್ವ ಕೂಗಾಡಲಿಲ್ಲ. "ನಂಗೋಸ್ಕರ ಅಲ್ಲ ಕಣವ್ವ. ನಂದೇನೈತೆ, ಆಗೋಯ್ತು. ನಿನ್ ತಲೆಗೇನಾರ ಬಂದ್ಬುಟ್ರೆ ನಾನ್ಯಾರ್ ಮಕ ನೋಡ್ಲಿ?" ಎಂದಳು. ಒಂದು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇನ್ನೊಂದು ನನ್ನ ಬ್ಯಾಗಿನಲ್ಲಿತ್ತು.

ಹೀಗೆ ನಾವಿಬ್ಬರೂ ಸೋಲೂರಿನ ಸೋದರಮಾವನ ಮನೆಗೆ ಹೋದೆವು. ಒಳ್ಳೆಯ ಜನ, ಆದರೆ ಮನೆ ಚಿಕ್ಕದು. ಡೈರಿಗೆ ಹಾಕುವ ಹಾಲಿನ ಕ್ಯಾನುಗಳಿಡುವ ಕೋಣೆಯಲ್ಲಿ ನಮಗೆ ಜಾಗ ಮಾಡಿಕೊಟ್ಟರು. ಮಾಗಡಿಯಲ್ಲಿ ಬಸ್ಸು ಬದಲಿಸಿ ರಾಮನಗರದ ಸ್ಕೂಲಿಗೆ ಬರಲು ನನಗೆ ಎರಡು ಗಂಟೆ, ಹೋಗಲು ಎರಡು ಗಂಟೆ. ಅದು ಅಪ್ಪನ ದಾರಿ. ಪ್ರತಿ ಸ್ಟಾಪಿನಲ್ಲೂ ಯಾರೋ ಗುರುತಿಲ್ಲದ ಕಂಡಕ್ಟರು ಎರಡು ಸೀಟಿ ಊದುತ್ತಿದ್ದ. ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಅಪ್ಪ ತೀರಿಕೊಂಡ ದಿನವೂ ನಾನು ಅತ್ತಿರಲಿಲ್ಲ. ಅಯ್ನೋರ ಮೇಲೆ, ನಕ್ಷತ್ರದ ಮೇಲೆ, ಮುಳ್ಳಿನ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲೇ ದಿನ ಹೋಗುತ್ತಿತ್ತು.

ಎರಡನೇ ತಿಂಗಳು ಸೆಕ್ರೆಟರಿಯ ಫೋನು ಬಂತು. ಬಿಲ್ಡಿಂಗಿನಲ್ಲಿ ದೆವ್ವದ ಸಿನಿಮಾ ತೆಗೆಯಲು ಬಂದಿದ್ದಾರೆ, ಡೈರೆಕ್ಟರಿಗೆ ನಿಮ್ಮ ಜೊತೆ ಮಾತಾಡಬೇಕಂತೆ ಎಂದರು. ನಮ್ಮ ಬಿಲ್ಡಿಂಗನ್ನು ಅವರು ಯಾಕೆ ಹುಡುಕಿಕೊಂಡು ಬಂದರೆಂದು ಕೇಳಬೇಕಾಗಿರಲಿಲ್ಲ. ಅರ್ಧ ಫ್ಲಾಟು ಇನ್ನೂ ಖಾಲಿ, ಲಿಫ್ಟಿನ ಗುಂಡಿ ಬಾಯಿ ತೆರೆದುಕೊಂಡಿದೆ, ಗೋಡೆ ತುಂಬ ನೀರು ಜಿನುಗಿದ ಕಲೆ.

"ಮೇಡಂ, ನಿಮ್ಮ ಬಾಗಿಲು ನೋಡಿ ನನಗೇ ಮೈ ಜುಂ ಅಂತು" ಎಂದ ಡೈರೆಕ್ಟರ್. ಮೂವತ್ತರ ಆಸುಪಾಸಿನ, ವಿನಯದ ಮನುಷ್ಯ. "ನಮ್ಮ ಕಥೇನೂ ಅದೇ. ಸತ್ತರೂ ಮನೆ ಬಿಟ್ಟು ಹೊರಡದ ಒಬ್ಬ ಮುದುಕ. ಎರಡು ದಿನ ಒಳಗೆ ಶೂಟ್ ಮಾಡ್ಲಿಕ್ಕೆ ಬಿಡ್ತೀರಾ?"

ಬೇಡ ಎನ್ನಲು ಒಂದು ಮಾತು ಸಾಕಿತ್ತು. ಆದರೆ ಅವತ್ತು ಬೆಳಿಗ್ಗೆಯಷ್ಟೇ ಬಸ್ಸಿನಲ್ಲಿ ನಿಂತು ನಿಂತು ನನ್ನ ಕಾಲು ಬಾತುಕೊಂಡಿತ್ತು. ನಕ್ಷತ್ರ ಏನು ಕಿತ್ತುಕೊಳ್ಳುತ್ತದೋ ನೋಡಿಯೇ ಬಿಡೋಣ ಎನಿಸಿತು. ಅವರ ದುಡ್ಡು ಬೇಡ ಎಂದೆ. ಅವ್ವನಿಗೆ ತಿಳಿಯಬಾರದು, ಒಳಗಿನದೇನನ್ನೂ ಅಲುಗಿಸಬಾರದು, ಮುಗಿದ ಮೇಲೆ ಮುಳ್ಳನ್ನು ಇದ್ದಹಾಗೇ ಕಟ್ಟಬೇಕು ಎಂದು ಕಟ್ಟುಪಾಡು ಹಾಕಿ ಬೀಗದ ಕೈ ಕೊಟ್ಟೆ. ಕೊಡುವಾಗ ಗೆದ್ದೆ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಎರಡನೇ ದಿನ ಸ್ಕೂಲು ಬಿಟ್ಟ ಮೇಲೆ ನೋಡಲು ಹೋದೆ. ಹೊರಗೆ ನಾಲ್ಕೂವರೆಯ ಬಿಸಿಲು, ಒಳಗೆ ಕಗ್ಗತ್ತಲೆ. ಕಾರಿಡಾರು, ಮೆಟ್ಟಿಲು, ಕಿಟಕಿ ಎಲ್ಲಕ್ಕೂ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲೇ ಇರುಳು ಮಾಡಿಕೊಂಡಿದ್ದರು. ಹೊಗೆ ಬಿಡುವ ಯಂತ್ರವೊಂದು ಬುಸುಗುಡುತ್ತಿತ್ತು. ನಮ್ಮದೇ ಬಾಗಿಲಿಂದ ಒಳಗೆ ಕಾಲಿಟ್ಟೆ. ಬೆತ್ತದ ಕುರ್ಚಿ ನಡುಮನೆಗೆ ಬಂದಿತ್ತು. ಕೋಣೆಯ ಗೂಟದಲ್ಲಿದ್ದ ಅಪ್ಪನ ಖಾಕಿ ಅಂಗಿ ಕುರ್ಚಿಯ ಬೆನ್ನಿಗೆ ಹೋಗಿತ್ತು. ಏನನ್ನೂ ಅಲುಗಿಸಬಾರದು ಎಂದಿದ್ದೆನಲ್ಲ ಎಂದು ಜಗಳ ತೆಗೆಯಬೇಕೆನ್ನುವಷ್ಟರಲ್ಲಿ, ಸೌಂಡಿನವನು ಕ್ಯಾಲೆಂಡರಿನ ಕೆಳಗೆ ಕೈ ಹಾಕಿ, "ಇದೇನು, ಚೆನ್ನಾಗಿದೆ" ಎಂದು ಸೀಟಿಯನ್ನು ಬಾಯಿಗಿಟ್ಟು ಊದಿಬಿಟ್ಟ.

ಒಂದೇ ಸಲ.

ಅಷ್ಟು ಜನರೂ ಇದ್ದಲ್ಲೇ ನಿಂತರು. ನನ್ನ ಕಾಲು ತಾನಾಗಿ ನಿಂತಿತು, ಚಿಕ್ಕಂದಿನಿಂದ ನಿಂತ ಹಾಗೇ. ಕೊನೆಯದಾಗಿ ಅಪ್ಪನ ಬಾಯಲ್ಲಿದ್ದ ಸೀಟಿ ಅದು. ಆ ಹೊಗೆಯಲ್ಲಿ, ಆ ಖಾಕಿ ಅಂಗಿಯ ಎದುರು, ನಾನು ಒಂದು ಕ್ಷಣ ಕುರ್ಚಿಯ ಕಡೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ.

"ಸೂಪರ್! ಇದೇ ನಮ್ಮ ದೆವ್ವದ ಸೌಂಡು" ಎಂದ ಡೈರೆಕ್ಟರ್. ಇನ್ನೆರಡು ಸಲ ರೆಕಾರ್ಡ್ ಮಾಡಿಕೊಂಡರು, ಪ್ರತಿ ಸಲವೂ ಒಂದೊಂದೇ. ನಾನು ಸೌಂಡಿನವನ ಕೈಯಿಂದ ಸೀಟಿ ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆ. ದಡಬಡ ಇಳಿಯುವಾಗ ಕಪ್ಪು ಬಟ್ಟೆಯ ಕತ್ತಲಲ್ಲಿ ಒಂದು ಮೆಟ್ಟಿಲು ತಪ್ಪಿತು. ಬಲಗೈ ಊರಿಕೊಂಡು ಬಿದ್ದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು.

ಕಿಟಕಿಗೆ ಬಟ್ಟೆ ಕಟ್ಟಿದ್ದರಿಂದ ಬಿದ್ದೆ, ಇದರಲ್ಲಿ ನಕ್ಷತ್ರದ್ದೇನಿದೆ? ಹಾಗೆಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ. ಅವ್ವನಿಗೆ ಸ್ಕೂಲಿನಲ್ಲಿ ಜಾರಿದೆ ಎಂದು ಹೇಳಿದೆ. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು.

"ಎಲ್ಲಾ ಸರ್ಯಾಗೇ ಮಾಡುದ್ವಲ್ಲ. ಮುಳ್ ಹಾಕಿದ್ವಿ, ನೀರ್ ಮಡಗಿದ್ವಿ. ಆದ್ರೂವೆ ನಿನ್ಗೇ ಬಂತಲ್ಲವ್ವ" ಎಂದಳು. ಮಾರನೇ ದಿನ ಸೋಲೂರಿನ ಅಯ್ನೋರ ಹತ್ತಿರ ಹೋಗಿ ಬಂದವಳು ತೀರ್ಮಾನ ಹೇಳಿಬಿಟ್ಟಳು. "ಮೂರ್ ತಿಂಗ್ಳು ಸಾಲಾಕಿಲ್ಲ. ವರ್ಷದ ತಿಥಿ ಆಗೋಗಂಟ ಆ ಕಡೀಕೆ ಹೋಗದ್ ಬ್ಯಾಡ."

ಮುಂದಿನ ತಿಂಗಳು ಮನೆಗೆ ಮರಳಬೇಕಾದವಳು ನನ್ನ ಸುಳ್ಳಿನಿಂದ ವರ್ಷಕ್ಕೆ ಹೊರಗುಳಿದಳು. ನಾನು ಬಾಯಿಬಿಟ್ಟರೆ, ಮೂಳೆ ಮುರಿದದ್ದು ಬಾಗಿಲು ತೆಗೆದದ್ದಕ್ಕೇ ಎಂದು ಅವಳು ಬದುಕಿರುವ ತನಕ ನಡುಗುತ್ತಾಳೆ. ಬಾಯಿಬಿಡದಿದ್ದರೆ ಹಾಲಿನ ಕ್ಯಾನುಗಳ ನಡುವೆ ಸವೆಯುತ್ತಾಳೆ. ಸವೆಯುತ್ತಲೇ ಇದ್ದಳು. ಕಂಡವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೇಳಬೇಕಾದ ಹೆಂಗಸಿನ ಮುಖ ಹೇಗಾಗುತ್ತದೆಂದು ಆಗ ನೋಡಿದೆ. ಅರ್ಧ ಮುದ್ದೆಗೆ ಕೈ ತೊಳೆಯುತ್ತಿದ್ದಳು. "ನಮ್ಮನೆ ಬಚ್ಚಲಾಗೆ ಒಂದ್ ಚೊಂಬ್ ನೀರ್ ಉಯ್ಕಂಡ್ರೆ ಎಲ್ಲಾ ಸರೋಗ್ತದೆ" ಎನ್ನುತ್ತಿದ್ದಳು. ಪ್ಲಾಸ್ಟರು ಬಿಚ್ಚಿದರು, ಕೈ ಸರಿಹೋಯಿತು. ಸೀಟಿ ನನ್ನ ಬ್ಯಾಗಿನ ಒಳಜೇಬಿನಲ್ಲೇ ಉಳಿಯಿತು. ಹೇಳಬೇಕೆಂದು ಎಷ್ಟೋ ದಿನ ಬಾಯಿ ತೆರೆದು, ಬೇರೇನೋ ಮಾತಾಡಿ ಮುಚ್ಚಿದ್ದೇನೆ.

ಶೂಟಿಂಗ್ ಮುಗಿದ ಐದು ತಿಂಗಳಿಗೆ ಸಿನಿಮಾ ತೆರೆಗೆ ಬಂತು. ಸುದ್ದಿ ತಂದವಳು ಅತ್ತೆ. "ಅತ್ಗೆಮ್ಮ, ನಿಮ್ ಬಿಲ್ಡಿಂಗು ಸಿನ್ಮಾದಾಗೆ ಐತಂತೆ! ಮಾಗಡೀಲಿ ಓಡ್ತೈತೆ" ಎಂದಳು. ಅವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ದೆವ್ವದ ಸಿನಿಮಾ, ನಿನಗೆ ಬಿ.ಪಿ. ಇದೆ ಎಂದೆ. ಸೌಂಡು ಜೋರು ಎಂದೆ. ನನಗೆ ಪೇಪರ್ ತಿದ್ದುವುದಿದೆ ಎಂದೆ.

"ಒಳೀಕೆ ಹೋಗಂಗಿಲ್ಲ. ಪರ್ದೆ ಮ್ಯಾಲಾದ್ರೂ ಒಸಿ ನೋಡ್ಕಂಡ್ ಬರಾನ ಬಾರವ್ವ" ಎಂದಳು.

ಭಾನುವಾರದ ಮ್ಯಾಟಿನಿ. ಅರ್ಧ ಟಾಕೀಸು ಖಾಲಿ. ಅವ್ವ ಒಳ್ಳೆಯ ಸೀರೆ ಉಟ್ಟು, ನೆಂಟರ ಮನೆಗೆ ಬಂದವಳ ಹಾಗೆ ಸೀಟಿನ ತುದಿಯಲ್ಲಿ ಕೂತಿದ್ದಳು. ಬಿಲ್ಡಿಂಗಿನ ಗೇಟು ಬಂದಾಗ ನನ್ನ ಮೊಣಕೈ ತಿವಿದಳು. ನೀರಿನ ಟ್ಯಾಂಕು, ಬೈಕ್ ನಿಲ್ಲಿಸುವ ಜಾಗ, ಕೆಟ್ಟ ಲಿಫ್ಟು, ಒಂದೊಂದಕ್ಕೂ ತಿವಿತ. ತೆರೆಯ ಮೇಲೆ ನಾಯಕಿ ಹೆದರುತ್ತ ಮೆಟ್ಟಿಲು ಹತ್ತುತ್ತಿದ್ದಳು, ಸುತ್ತಲಿನವರು ಉಸಿರು ಬಿಗಿಹಿಡಿದಿದ್ದರು. ಅವ್ವನಿಗೆ ಮಾತ್ರ ಹಬ್ಬ. ಮೂರನೇ ಮಹಡಿ ಬಂತು. ಮುಳ್ಳು ಕಾಣಿಸಿತು.

"ನಮ್ ಬಾಗ್ಲು ಕಣೇ" ಎಂದಳು ಮೆಲ್ಲಗೆ. ಅವಳ ಕಣ್ಣು ತುಂಬಿತ್ತು.

ಇಲ್ಲಿಗೇ ಮುಗಿಯಲಿ, ಕರೆಂಟು ಹೋಗಲಿ, ಏನಾದರೂ ಆಗಲಿ ಎಂದು ನಾನು ಕೈ ಹಿಸುಕಿಕೊಳ್ಳುತ್ತಿದ್ದೆ. ತೆರೆಯ ಮೇಲೊಂದು ಕೈ ಬಂದು ಮುಳ್ಳನ್ನು ಸರಿಸಿತು. ಬಾಗಿಲು ಕಿರ್ರೆಂದಿತು. ಅವ್ವನ ತಿವಿತ ನಿಂತಿತು. ನಮ್ಮ ನಡುಮನೆ, ನಮ್ಮ ಕ್ಯಾಲೆಂಡರು, ಬೆತ್ತದ ಕುರ್ಚಿ, ಅದರ ಬೆನ್ನಿಗೆ ಖಾಕಿ ಅಂಗಿ. ನಾಯಕಿಯ ಕಾಲು ತಾಗಿ ಚೊಂಬು ಉರುಳಿತು. ಅವ್ವ ತನ್ನ ಕೈಯಾರೆ ಇಟ್ಟಿದ್ದ ಚೊಂಬು. ನೀರು ನೆಲದ ಮೇಲೆ ಹರಿಯಿತು. ಅವ್ವನ ಕಡೆ ತಿರುಗಿ ನೋಡಲು ನನ್ನಿಂದಾಗಲಿಲ್ಲ, ಅವಳ ಉಸಿರು ಮಾತ್ರ ಕೇಳುತ್ತಿತ್ತು.

ಆಮೇಲೆ ಸೀಟಿ. ಒಂದೇ ಒಂದು, ಇಡೀ ಟಾಕೀಸಿಗೆ ಕೇಳುವಷ್ಟು ಜೋರಾಗಿ. ಹಿಂದಿನ ಸಾಲಿನವರು ಕಿರುಚಿದರು. ಅವ್ವ ಎದ್ದು ನಿಂತಳು. ಕತ್ತಲಲ್ಲೇ ನನ್ನ ಮಣಿಕಟ್ಟು ಹಿಡಿದಳು, ಮುರಿದು ಕೂಡಿದ ಜಾಗದಲ್ಲೇ, ನೋಯುವಷ್ಟು ಬಿಗಿಯಾಗಿ. ಹೊರಗೆ ಎಳೆದುಕೊಂಡು ಬಂದಳು.

ಟಿಕೆಟ್ ಕೌಂಟರಿನ ಪಕ್ಕದ ಕಟ್ಟೆಯ ಮೇಲೆ, ಬಿಸಿಲಿನಲ್ಲಿ ಕೂತೆವು.

"ಬೀಗದ ಕೈ ಯಾರ್ ಕೊಟ್ರು?"

"ನಾನು."

"ಕೈ ಮುರಿದಿದ್ದು?"

"ಅವತ್ತೇ. ಅಲ್ಲೇ, ಮೆಟ್ಟಿಲಲ್ಲಿ."

ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ವರ್ಸಾನುಗಟ್ಲೆ ಓದಿಸ್ದೆ ನಿನ್ನ. ನನ್ ಕುಟೆ ಒಂದ್ ಮಾತ್ ಹೇಳಾಕೆ ಕಲೀನಿಲ್ವಲ್ಲ" ಎಂದಳು. ಆಮೇಲೆ ಕೈ ಚಾಚಿದಳು. "ಸೀಟಿ ಎಲ್ಲೈತೆ?"

ಬ್ಯಾಗಿನ ಒಳಜೇಬಿನಿಂದ ತೆಗೆದುಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಒಂದೇ ಊದವ್ರೆ" ಎಂದಳು. "ನಿಲ್ಸ್‌ಬುಟ್ಟವ್ರೆ ನಿಮ್ಮಪ್ಪನ್ನ. ಐದ್ ತಿಂಗ್ಳಿಂದ ಬಸ್ಸು ಅಲ್ಲೇ ನಿಂತೈತೆ."

ವರ್ಷದ ಮಾತು ಅವಳು ಮತ್ತೆ ಎತ್ತಲಿಲ್ಲ. ಸೋಲೂರಿಗೂ ಹೋಗಲಿಲ್ಲ. ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದು ರಾಮನಗರದ ಬಸ್ಸು ಹತ್ತಿದಳು, ನಾನು ಹಿಂದೆ. ಕಂಡಕ್ಟರು ಊದಿದಾಗಲೆಲ್ಲ ಅವಳ ತುಟಿ ಅಲುಗುತ್ತಿತ್ತು, ಒಂದು, ಎರಡು ಎಂದು ಎಣಿಸುವವರ ಹಾಗೆ.

ಮೂರು ಮಹಡಿಯನ್ನು ಅವಳು ಎಲ್ಲೂ ಕೂರದೆ ಹತ್ತಿದಳು. ಹಗ್ಗ ಬಿಚ್ಚಿ ಮುಳ್ಳನ್ನು ಬರಿಗೈಯಲ್ಲಿ ಎಳೆದು ಗೋಡೆಗೆ ಸರಿಸಿದಳು. ಬೆರಳಿಗೆ ಚುಚ್ಚಿ ರಕ್ತ ಬಂದದ್ದನ್ನು ಗಮನಿಸಲೂ ಇಲ್ಲ. ಎದುರು ಮನೆಯಾಕೆ ಬಾಗಿಲು ತೆರೆದು, ಅವ್ವನ ಮುಖ ನೋಡಿ ತನ್ನ ಹೊಸಿಲಲ್ಲೇ ನಿಂತಳು. ಅವ್ವ ಸೆರಗಿನ ಗಂಟಿನಿಂದ ತನ್ನ ಬೀಗದ ಕೈ ತೆಗೆದು ಬಾಗಿಲು ತೆರೆದಳು. ಒಳಗಿನಿಂದ ಧೂಳಿನ, ಹಳೆಯ ಹೊಗೆಯ ವಾಸನೆ ಬಂತು. ಅವಳು ಒಳಗೆ ಕಾಲಿಡಲಿಲ್ಲ. ಸೀಟಿಯನ್ನು ನನ್ನ ಕೈಗಿಟ್ಟಳು.

"ಊದು."

"ನೀನೇ ಊದವ್ವ. ನನ್ನಿಂದಾಗಲ್ಲ."

"ತೆಗ್ದೋಳು ನೀನು. ನೀನೇ ಕಳಿಸ್ಬೇಕು."

"ಅವ್ವ, ಅವತ್ತು ಅಪ್ಪನ್ನ ಹೊರಗೆ ತಂದಾಗಲೇ ನಾನು..."

"ಗೊತ್ತು ಕಣವ್ವ" ಎಂದಳು. "ನೋಡ್ದೆ ನಾನು. ನಿನ್ ಕೈ ಮೊಳೆಗಂಟ ಹೋಯ್ತು, ವಾಪಸ್ ಬಂತು. ನಾನೂವೆ ಸುಮ್ಗಾದೆ, ಜನ ಏನಂದಾರೋ ಅಂತ. ಈಗ ಊದು."

ಎದುರು ಮನೆಯಾಕೆ ನೋಡುತ್ತಿದ್ದಳು. ಕೆಳಗಿನ ಮಹಡಿಯಿಂದಲೂ ಯಾರೋ ತಲೆಯೆತ್ತಿ ನಿಂತಿದ್ದರು. ನನಗೆ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸೀಟಿಯನ್ನು ತುಟಿಗಿಟ್ಟೆ. ಮೊದಲನೆಯದು ಸರಾಗವಾಗಿ ಬಂತು. ಎರಡನೆಯದಕ್ಕೆ ಉಸಿರೆಳೆದುಕೊಂಡರೆ ಉಸಿರಿನ ಜಾಗದಲ್ಲಿ ಅಳು ಬಂತು, ಅಷ್ಟು ತಿಂಗಳು ಬರದೆ ಇದ್ದದ್ದು. ಊದಿದರೆ ಅಪ್ಪ ಹೊರಟುಹೋಗುತ್ತಾರಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಅವ್ವ ಅವಸರ ಮಾಡಲಿಲ್ಲ. ಹೊಸಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಸ್ಸಿನಲ್ಲಿ ಇಳಿಯುವವರಿಗೆ ದಾರಿ ಬಿಡುವಂತೆ ಗೋಡೆಗೆ ಒತ್ತಿ, ಸೆರಗು ಹೊದ್ದುಕೊಂಡು ನಿಂತಳು.

ನಾನು ಊದಿದೆ.